ಯಲ್ದೂರಿನ ಬ್ಲಾಕೋಟು

"ನೋಡ್ತಾ ಇರಮ್ಮ! ಮುಂದಿನ ಶುಕ್ರವಾರದ ಹೊತ್ತಿಗೆ ನಮ್ಮನೆ ಮ್ಯೂಸಿಯಮ್ಮು ಅಂತ ಇಡೀ ಕೋಲಾರ ಜಿಲ್ಲೆ ಮಾತಾಡ್ಬೇಕು!"

ಮೇಘನ ಈ ಘೋಷಣೆ ಮಾಡಿದ್ದು ಅಡುಗೆಮನೆ ಹೊಸ್ತಿಲ ಮೇಲೆ ನಿಂತ್ಕೊಂಡು. ಕೇಳಿಸ್ಕೊಂಡಿದ್ದು ಅವಳಮ್ಮ ವಾಣಿಶ್ರೀ, ಒಂದು ಬೆಕ್ಕು, ಮತ್ತೊಂದು ಕುಕ್ಕರ್. ಕುಕ್ಕರ್ ಮಾತ್ರ ಶಿಳ್ಳೆ ಹೊಡೀತು.

"ಮ್ಯೂಸಿಯಮ್ಮೋ ಮುನಿಯಮ್ಮೋ, ಮೊದ್ಲು ಹೊಸ್ತಿಲಿಂದ ಕೆಳಗಿಳಿ," ಅಂದ್ಳು ಅಮ್ಮ.

ವಿಷಯ ಇಷ್ಟೇ. ಮೇಘನ ಯಲ್ದೂರಿಂದ ದಿನಾ ಬಸ್ ಹತ್ಕೊಂಡು ಕೋಲಾರಕ್ಕೆ ಹೋಗಿ ಬಿ.ಎ. ಓದ್ತಾಳೆ. ಇಂಗ್ಲಿಷ್ ಮೀಡಿಯಂ! ಇದನ್ನ ಅವಳು ಹೆಸರು ಹೇಳೋಕೂ ಮುಂಚೆ ಹೇಳ್ಬಿಡ್ತಾಳೆ. ಹಿಸ್ಟರಿ ಮೇಷ್ಟ್ರು ಅಶ್ವತ್ಥಪ್ಪ ಸರ್ ಆವತ್ತು ಕ್ಲಾಸಲ್ಲಿ ಅಂದಿದ್ರು: "ಯುದ್ಧ ಬರೀ ಗಡೀಲಿ ನಡೆಯಲ್ಲ ಕಣ್ರಪ್ಪ. ಮನೆಮನೇಲೂ ನಡೆಯತ್ತೆ. ಸೀಮೆಎಣ್ಣೆ ಸಿಗದೆ ಇರೋದು, ರೇಡಿಯೋ ಸುತ್ತ ಬೀದಿಯೋರೆಲ್ಲ ಕೂತ್ಕೊಳ್ಳೋದು, ಅದೂ ಯುದ್ಧಾನೇ. ಅರವತ್ತೈದು, ಎಪ್ಪತ್ತೊಂದರ ಕಾಲದ್ದು ನಿಮ್ಮ ಮನೇಲಿ ಏನಾದ್ರೂ ಉಳಿದಿದ್ರೆ ತನ್ನಿ, ಪ್ರದರ್ಶನ ಇಡೋಣ."

ತಕ್ಷಣ ಕೆಜಿಎಫ್‌ನ ಕದಿರೇಶ ಎದ್ದು ನಿಂತ. "ಸರ್, ಬಾಂಬ್ ಬಿದ್ರೆ ಬೆಂಕಿ ಆರ್ಸೋಕೆ ನಮ್ ತಾತ ಮರಳು ತುಂಬಿಡ್ತಿದ್ದ ಕೆಂಪು ಬಕೆಟ್ ಇದೆ ಸರ್!"

ಕ್ಲಾಸೆಲ್ಲ ಚಪ್ಪಾಳೆ! ಒಂದು ಬಕೆಟ್ಟಿಗೆ ಚಪ್ಪಾಳೆ! ಮೇಘನಗೆ ಹೊಟ್ಟೇಲಿ ಹಸಿಮೆಣಸಿನಕಾಯಿ ಇಟ್ಟ ಹಾಗಾಯ್ತು. ಅವಳೂ ಎದ್ದಳು. "ಸರ್, ನಮ್ಮನೇಲಿ ಒಂದ್ ಮೇಜಿನ ತುಂಬ ಇದೆ ಸರ್!" ಮನೇಲಿ ಏನಿದೆ ಅಂತ ಅವಳಿಗೇ ಗೊತ್ತಿರ್ಲಿಲ್ಲ. ಅದು ಬೇರೆ ಮಾತು.

ಬೇಟೆ ಶುರುವಾಯ್ತು. ಅಟ್ಟ ಹತ್ತಿದ್ಲು, ಜೇಡನ ಜೊತೆ ಇಳಿದ್ಲು. ಸಿಕ್ಕಿದ್ದು ಮುತ್ತಾತನ ಕಾಲದ ಒಂದು ರೇಡಿಯೋ, ಕೆಟ್ಟು ನಲವತ್ತು ವರ್ಷ ಆಗಿದ್ದು. ಮಸಿ ಹಿಡಿದ ಒಂದು ಲಾಟೀನು. ಪಕ್ಕದ ಮನೆ ಅಂಜಮ್ಮನ ಹತ್ರ ಹೋಗಿ ಕಾಡಿದ್ದಕ್ಕೆ ಅವಳು ಹಿತ್ತಲಿಂದ ತುಕ್ಕು ಹಿಡಿದ ಗುಂಡನೆ ಕಬ್ಬಿಣದ್ದೊಂದು ತಂದು, "ಮಿಲ್ಟ್ರಿ ಟೋಪಿ ಕಣೇ, ತಗೊಂಡೋಗು," ಅಂತ ಕೊಟ್ಳು. ಮೇಘನ ಅದನ್ನ ಎರಡೂ ಕೈಯಲ್ಲಿ ಹಿಡ್ಕೊಂಡು, ಹುತಾತ್ಮರ ಕಿರೀಟ ಹೊತ್ತ ಹಾಗೆ ಮನೆಗೆ ತಂದ್ಲು.

ಅಮ್ಮ ಒಂದು ಸಲ ತಿರುಗಿಸಿ ನೋಡಿದ್ಳು. "ಇದು ಅಂಜಮ್ಮ ಕೋಳಿಗೆ ನೀರಿಡೋ ಬಾಂಡ್ಲಿ. ಒಳಗಡೆ ಸಿಮೆಂಟು ಇನ್ನೂ ಹಂಗೇ ಇದೆ, ನೋಡು."

ರೇಡಿಯೋ, ಲಾಟೀನು, ಕೋಳಿ ಬಾಂಡ್ಲಿ. ಇಷ್ಟಿಟ್ಕೊಂಡು ಕದಿರೇಶನ ಬಕೆಟ್ ಎದುರಿಗೆ ನಿಲ್ಲೋಕಾಗತ್ತಾ? ಉಳಿದಿದ್ದು ಒಂದೇ ದಾರಿ, ಅಜ್ಜಿ!

ಅಜ್ಜಿ ರಾಮಲಕ್ಷ್ಮಮ್ಮ ಮಗಳ ಮಗಳ ಬಾಣಂತನಕ್ಕೆ ಅಂತ ಮುಳಬಾಗಿಲಿಗೆ ಹೋಗಿ ತಿಂಗಳಾಗಿತ್ತು. ಕಿವಿ ಸ್ವಲ್ಪ ಮಂದ. ಮೇಘನ ಫೋನ್ ಹಚ್ಚಿ ಕಿರುಚಿದ್ಲು.

"ಅಜ್ಜೀ! ಕೇಳಿಸ್ತಾ? ಯುದ್ಧ! ಯುದ್ಧ!"

"ಅಯ್ಯೋ ದೇವ್ರೇ! ಯಾವಾಗ ಶುರುವಾಯ್ತೇ?"

"ಈಗಲ್ಲ ಅಜ್ಜೀ! ಹಳೇದು! ಎಪ್ಪತ್ತೊಂದರದ್ದು!"

"ಓ, ನಮ್ ಮದ್ವೆ ವರ್ಸದ್ದಾ? ಹಂಗನ್ನು ಮತ್ತೆ. ಎದೆ ಒಡ್ದೋಯ್ತು ನಂಗೆ."

"ಆ ಕಾಲದ್ದು ಏನಾದ್ರೂ ಇಟ್ಕೊಂಡಿದೀಯಾ?"

ಆ ಕಡೆ ಅಳ್ತಿದ್ದ ಕೂಸನ್ನ ಅಜ್ಜಿ ಯಾರಿಗೋ ದಾಟಿಸಿದ್ದು ಕೇಳಿಸ್ತು. ಆಮೇಲೆ ಅಜ್ಜಿ, ಪಕ್ಕದಲ್ಲಿ ಯಾರೋ ಕದ್ದು ಕೇಳ್ತಿದಾರೇನೋ ಅನ್ನೋ ಹಾಗೆ ದನಿ ತಗ್ಗಿಸಿ ಅಂದ್ಳು:

"ಬ್ಲಾಕೋಟು ಐತೆ."

"ಬ್ಲ್ಯಾಕ್ ಕೋಟಾ?!"

"ಹೂಂ ಕಣೇ, ಬ್ಲಾಕೋಟು. ನಂದೂ ನಿಮ್ ತಾತಂದೂ."

"ಇಬ್ರಿಗೂ ಸೇರಿ ಒಂದೇನಾ?"

"ಮತ್ತೆಷ್ಟ್ ಬೇಕು? ಒಂದೇ ಸಾಕಾಗ್ತಿತ್ತು."

ಅಬ್ಬಾ! ಒಂದೇ ಕೋಟಲ್ಲಿ ಇಬ್ರು! ಮೇಘನಗೆ ಮೈ ಜುಮ್ಮಂತು. "ಯಾವಾಗ ಹಾಕ್ತಿದ್ರಿ ಅಜ್ಜಿ?"

"ಕತ್ಲಾಗ್ತಿದ್ದಂಗೆ ಹಾಕಿದ್ರೆ, ಎಲ್ರೂ ಉಂಡು ಮಲ್ಗೋವರ್ಗೂ ತೆಗೀತಿರ್ಲಿಲ್ಲ."

"ಯಾವ ಟೈಲರ್ ಹೊಲಿದಿದ್ದು?"

"ಟೈಲರ್ನ ಎಲ್ಲಿಂದ ತರಾದು! ನಮ್ಮತ್ತೆ ಕೈಯಾರ ಹೊಲ್ದಿದ್ದು. ನನ್ ಟ್ರಂಕಲ್ಲಿ ಮೇಲ್ಗಡೇನೇ ಐತೆ, ತಗಂಡೋಗು. ಶುಕ್ರವಾರ ಇಲ್ಲಿಂದ ನಾನೇ ಬಸ್ ಹತ್ಕೊಂಡು ನಿಮ್ ಕಾಲೇಜಿಗೆ ಬತ್ತೀನಿ. ಅದನ್ನ ನಾಕ್ ಜನ ನೋಡಾದನ್ನ ನಾನೂ ನೋಡ್ಬೇಕು. ಜೋಪಾನ ಕಣೇ ಪಾಪಾ! ಅದೊಂದು ಹೋದ್ರೆ ಆ ದಿನಗಳದ್ದು ನನ್ ಹತ್ರ ಇನ್ನೇನೂ ಇಲ್ಲ."

ಮೇಘನ ಎದೆ ಮೇಲೆ ಕೈಯಿಟ್ಟು, "ಪ್ರಾಮಿಸ್ ಅಜ್ಜಿ!" ಅಂದು ಫೋನಿಟ್ಟು, ಟ್ರಂಕ್ ಕಡೆ ಓಡಿದ್ಲು.

ಟ್ರಂಕಿನ ಮುಚ್ಚಳ ತೆಗೆದ್ರೆ ನುಸಿಗುಳಿಗೆ ವಾಸನೆ. ಮೇಲ್ಗಡೆ ಒಂದು ಚಿಂದಿ. ಹಳೇ ಕೊಡೆಗಳನ್ನ ಬಿಚ್ಚಿ, ಆ ತ್ರಿಕೋನದ ತುಂಡುಗಳನ್ನೆಲ್ಲ ಸೇರಿಸಿ ಹೊಲಿದ ಬಟ್ಟೆ. ಯಾವತ್ತೋ ಕಪ್ಪಿದ್ದಿರ್ಬೇಕು, ಈಗ ಬರೀ ಕಾಫಿ ಗಸಿ ಬಣ್ಣ. ಅದನ್ನ ಎತ್ತಿ ಪಕ್ಕಕ್ಕೆಸೆದ್ಲು. ಕೆಳಗೆ ಧಾರೆ ಸೀರೆ, ಎರಡು ಕುಪ್ಪಸ, ಒಂದು ಬೆಳ್ಳಿ ಕುಂಕುಮದ ಬಟ್ಟಲು. ಕೋಟಿಲ್ಲ! ಟ್ರಂಕನ್ನ ಬೋರಲು ಹಾಕಿ ಬೆನ್ನು ತಟ್ಟಿದ್ಲು. ಆದ್ರೂ ಕೋಟಿಲ್ಲ!

ಹಜಾರದಲ್ಲಿ ತಾತ ಆವಲಪ್ಪ ಕಡ್ಡಿಪುಡಿ ಹಾಕ್ಕೊಂಡು ಕೂತಿದ್ದ.

"ತಾತಾ, ಯುದ್ಧದ ಕಾಲದಲ್ಲಿ ನಿಂದೂ ಅಜ್ಜಿದೂ ಒಂದು ಬ್ಲ್ಯಾಕ್ ಕೋಟ್ ಇತ್ತಂತೆ. ಎಲ್ಲಿ?"

ತಾತನ ಮುಖ ಸುಗ್ಗಿ ಕಾಲದ ಟೊಮ್ಯಾಟೋ ಥರ ಕೆಂಪಗಾಯ್ತು. ತಾತಂಗೆ ನಾಚಿಕೆ ಆದ್ರೆ ಬಾಯಲ್ಲಿ ಕನ್ನಡ ನಿಂತು ತೆಲುಗು ಬರತ್ತೆ. "ಇಪ್ಪುಡೆಂದುಕು ಅವನ್ನೀ?" ಅಂದ. ಈಗ್ಯಾಕೆ ಅದೆಲ್ಲ ಅಂತ. ಟವೆಲ್ ಕೊಡವಿ ಹೆಗಲಿಗೆ ಹಾಕ್ಕೊಂಡು ಮಾವಿನ ತೋಪಿನ ಕಡೆ ಹೊರಟೇಬಿಟ್ಟ!

ಮೇಘನ ತಲೇಲಿ ಟ್ಯೂಬ್‌ಲೈಟ್ ಹತ್ತಿಕೊಳ್ತು. ಕರಿ ಕೋಟು! ಕತ್ತಲಾದ ಮೇಲೆ ಹಾಕೋದು! ಕೇಳಿದ್ರೆ ಎದ್ದು ಹೋಗೋದು! ಅಂದ್ರೆ ನಮ್ಮ ತಾತ ಗೂಢಚಾರ! ಹಗಲು ಹೊತ್ತು ರಾಗಿ ಹೊಲ, ರಾತ್ರಿ ದೇಶಸೇವೆ!

"ನಿಮ್ ತಾತ ಕತ್ಲಲ್ಲಿ ಹಿತ್ತಲಿಗೆ ಹೋಗೋಕೂ ಒಬ್ರನ್ನ ಜೊತೆಗೆ ಕರೀತಾರೆ," ಅಂದ್ಳು ಅಮ್ಮ.

"ಅದೇ ಅಮ್ಮ! ಯಾರಿಗೂ ಡೌಟ್ ಬರ್ಬಾರ್ದು ಅಂತ ನಾಟ್ಕ!"

ಆದ್ರೆ ಕೋಟು? ಇಲಿ ತಿಂದಿರ್ಬೇಕು, ಇಲ್ಲಾ ತಾತಾನೇ ಗುಟ್ಟು ಬಯಲಾಗ್ಬಾರ್ದು ಅಂತ ಸುಟ್ಟು ಹಾಕಿರ್ಬೇಕು. ಅಜ್ಜಿಗೆ ಗೊತ್ತೇ ಇಲ್ಲ! ಪಾಪ, ಮುಳಬಾಗಿಲಿಂದ ಬಸ್ಸಲ್ಲಿ ಬಂದು ಖಾಲಿ ಮೇಜು ನೋಡಿದ್ರೆ? 'ಇನ್ನೇನೂ ಇಲ್ಲ' ಅಂದ ಆ ದನಿ ಮೇಘನ ಕಿವೀಲೇ ಕೂತ್ಬಿಟ್ಟಿತ್ತು. ಇಲ್ಲ, ಅಜ್ಜಿ ಬರೋ ಹೊತ್ತಿಗೆ ಮೇಜಿನ ಮೇಲೆ ಒಂದು ಕರಿ ಕೋಟು ಇರ್ಲೇಬೇಕು! ಕನ್ನಡಕ ಮನೇಲೇ ಮರೆತು ಹೋಗಿದಾಳೆ, ದೂರದಿಂದ ನೋಡಿ ಖುಷಿಪಟ್ರೆ ಸಾಕು!

ಹೀಗೆ ಯೋಚನೆ ಮಾಡ್ತಾ ಮಾಡ್ತಾ ಕೈಗೆ ಸಿಕ್ಕಿದ ಆ ಕೊಡೆ ಚಿಂದಿ ತಗೊಂಡು ಲಾಟೀನಿನ ಮಸಿ ಒರೆಸಿದ್ಲು. ರೇಡಿಯೋದ ಧೂಳು ಒರೆಸಿದ್ಲು. ಬಾಂಡ್ಲಿ ತುಕ್ಕು ತಿಕ್ಕಿದ್ಲು. ಒಳ್ಳೇ ಒರೆಸೋ ಬಟ್ಟೆ ಅಂತ ಬ್ಯಾಗಿಗೂ ಹಾಕ್ಕೊಂಡ್ಲು.

ಕೋಟಿಗೆ ಬಲಿಪಶು ಆಗಿದ್ದು ಸೋದರಮಾವ ಮುರಳಿಮೋಹನ್. ಶ್ರೀನಿವಾಸಪುರದಲ್ಲಿ ಲಾಯರ್.

"ಮಾಮಾ, ಒಂದು ಕೋಟು ಕೊಡು."

"ಯಾಕೆ, ಯಾರ ಮೇಲೆ ಕೇಸ್ ಹಾಕ್ತೀಯಾ?"

"ಪ್ರದರ್ಶನಕ್ಕೆ ಮಾಮಾ. ದೇಶದ ವಿಷಯ!"

"ನೋಡಮ್ಮ ತಾಯಿ, ಇರೋದೊಂದೇ. ಶುಕ್ರವಾರ ಕೋಲಾರ ಕೋರ್ಟಲ್ಲಿ ನಂಗೆ ಕೇಸಿದೆ. ಅಷ್ಟೊತ್ತಿಗೆ ಅಲ್ಲೇ ಬಂದು ಈಸ್ಕೊಂತೀನಿ. ಹೆಂಗಿದ್ಯೋ ಹಂಗೇ ಇರ್ಬೇಕು!"

ಹೆಂಗಿದ್ಯೋ ಹಂಗೇ ಇದ್ರೆ ಅದು ಎಪ್ಪತ್ತೊಂದರ ಕೋಟು ಹೇಗಾಗತ್ತೆ? ಇಸ್ತ್ರಿ ಗೆರೆ ಬೇರೆ ಚಾಕು ಥರ ಇತ್ತು! ಮೇಘನ ಅದಕ್ಕೆ ಟೀ ಡಿಕಾಕ್ಷನ್ ಚಿಮುಕಿಸಿದ್ಲು. ಒಲೆ ಬೂದಿ ಸವರಿದ್ಲು. ಕಾಲದ ವಾಸನೆ ಬರ್ಲಿ ಅಂತ ಕೊಟ್ಟಿಗೇಲಿ ನೇತುಹಾಕಿದ್ಲು. ಬೆಳಿಗ್ಗೆ ನೋಡಿದ್ರೆ ಎಡಗಡೆ ಕಾಲರ್ರೂ ಎರಡು ಗುಂಡೀನೂ ಕರುವಿನ ಹೊಟ್ಟೆ ಸೇರಿದ್ವು!

ಅಮ್ಮ ಹಣೆ ಚಚ್ಕೊಂಡ್ಳು. ಮೇಘನ ಮಾತ್ರ ಕುಣಿದ್ಲು. "ಅಮ್ಮಾ, ಈಗ ನೋಡು, ಎಷ್ಟು ಅಸಲಿಯಾಗಿ ಕಾಣಿಸ್ತಿದೆ!"

ಶುಕ್ರವಾರ ಬಂತು. ಕಾಲೇಜಿನ ಹಾಲಿಗೆ ಹೊಸದಾಗಿ ಬಣ್ಣ ಬಳಿದಿದ್ರು. 'ಗೋಡೆಗೆ ಮೊಳೆ ಹೊಡೆಯಬಾರದು' ಅಂತ ಬೋರ್ಡು ಬೇರೆ. ಅದಕ್ಕೆ ಮೇಘನ ಕೋಟನ್ನ ಒಂದು ಕುರ್ಚಿಗೆ ತೊಡಿಸಿ, ಬೆನ್ನಿಗೆ ಪಿನ್ನು ಚುಚ್ಚಿ ಕಾರ್ಡು ಸಿಗಿಸಿದ್ಲು: 'ಯಲ್ದೂರಿನ ಕರಿ ಕೋಟು, ೧೯೭೧. ರಾತ್ರಿ ಮಾತ್ರ ಧರಿಸಲಾಗುತ್ತಿತ್ತು.' 'ಇದೇ ಥರದ್ದು' ಅಂತ ಸೇರಿಸ್ಬೇಕು ಅಂದ್ಕೊಂಡಿದ್ಲು. ಕಾರ್ಡಲ್ಲಿ ಜಾಗ ಸಾಲಲಿಲ್ಲ. ಮನಸ್ಸಲ್ಲೂ ಸ್ವಲ್ಪ ಜಾಗ ಸಾಲಲಿಲ್ಲ.

ಅಶ್ವತ್ಥಪ್ಪ ಸರ್ ಬಂದು ಕೋಟಿನ ಮುಂದೆ ಕೈ ಕಟ್ಟಿ ನಿಂತ್ಬಿಟ್ರು! "ಏನಮ್ಮಾ ಇದು! ಅದ್ಭುತ!"

"ನಮ್ಮ ತಾತಂದು ಸಾರ್! ಗುಪ್ತ ಕಾರ್ಯಾಚರಣೆ ಸಾರ್!"

ಪಕ್ಕದ ಮೇಜಿಂದ ಬಕೆಟ್ ಬಿಟ್ಟು ಕದಿರೇಶ ಬಂದ. ಸುತ್ತ ನೋಡ್ದ. ಮೂಸಿ ನೋಡ್ದ. ಜೇಬಿಗೆ ಕೈ ಹಾಕ್ದ.

"ಏ ಮೇಘನಾ, ಎಪ್ಪತ್ತೊಂದರಲ್ಲಿ ನಿಮ್ ತಾತ ಪೆನ್ ಡ್ರೈವ್ ಇಟ್ಕೊಂಡಿದ್ರಾ?"

ಮೇಘನ ಬಾಯಿ ತೆಗೆಯೋಕೂ ಬಿಳಿ ಷರ್ಟು, ಬಿಳಿ ಪಟ್ಟಿಯಲ್ಲಿ ಮುರಳಿ ಮಾಮ ಒಳಗೆ ನುಗ್ಗೋಕೂ ಸರಿಹೋಯ್ತು.

"ಕೋಟು! ನನ್ ಕೋಟೆಲ್ಲೇ? ಕೇಸ್ ಕೂಗ್ತಾವ್ರೆ!" ಕುರ್ಚಿ ಮೇಲಿದ್ದ ಕೋಟು ಕಿತ್ಕೊಂಡು ಓಡ್ತಾ ಓಡ್ತಾನೇ ತೋಳು ತೂರಿಸ್ದ. "ಇದೇನೇ ಗಂಜಲದ ವಾಸ್ನೆ? ಕಾಲರ್ ಎಲ್ಲಿ? ಲೇ! ನಿಂಗೆ ಸಾಯಂಕಾಲ ಐತೆ!" ಅಂತ ಕೂಗ್ತಾ ಮೆಟ್ಟಿಲಿಳಿದು ಮಾಯ! ಬೆನ್ನ ಮೇಲೆ 'ಯಲ್ದೂರಿನ ಕರಿ ಕೋಟು, ರಾತ್ರಿ ಮಾತ್ರ ಧರಿಸಲಾಗುತ್ತಿತ್ತು' ಅನ್ನೋ ಕಾರ್ಡು ಫಟಫಟ ಅಂತ ಹಾರಾಡ್ತಾ ಕೋರ್ಟ್ ಕಡೆ ಹೊರಟೋಯ್ತು!

ಹಾಲೆಲ್ಲ ಬಿದ್ದು ಬಿದ್ದು ನಗ್ತು. ಅಶ್ವತ್ಥಪ್ಪ ಸರ್ ನಗಲಿಲ್ಲ. "ಸುಳ್ಳು ಸಾಮಾನು ಇಡಬಾರದಮ್ಮಾ," ಅಂತ ಮೆತ್ತಗೆ ಅಂದ್ರು. ಬೈದಿದ್ರೇ ಚೆನ್ನಾಗಿರ್ತಿತ್ತು.

ಅದೇ ಹೊತ್ತಿಗೆ ಬಾಗಿಲಲ್ಲಿ ಅಜ್ಜಿ! ಮುಳಬಾಗಿಲ ಬಸ್ಸಿಳಿದು ಸೀದಾ ಬಂದಿದಾಳೆ. ಮಗ್ಗುಲಲ್ಲಿ ಯಲ್ದೂರಿಂದ ಬಂದ ತಾತ, ಬಿಳೀ ಪಂಚೆ, ಕ್ಷೌರ ಮಾಡಿಸ್ಕೊಂಡ ಮುಖ. ಹಿಂದೆ ಅಮ್ಮ.

"ಎಲ್ಲೇ ಪಾಪಾ ಬ್ಲಾಕೋಟು?"

ಮೇಘನಗೆ ಇನ್ನು ತಡೆಯೋಕಾಗಲಿಲ್ಲ. "ಇಲ್ಲ ಅಜ್ಜಿ. ನಿನ್ ಟ್ರಂಕೆಲ್ಲ ಹುಡುಕ್ದೆ, ಸಿಗ್ಲೇ ಇಲ್ಲ. ಕಳೆದೋಗ್ಬಿಟ್ಟಿದೆ ಅಜ್ಜಿ."

ಅಜ್ಜಿ ಪ್ಲಾಸ್ಟಿಕ್ ಕುರ್ಚಿ ಎಳ್ಕೊಂಡು ಮೆಲ್ಲಗೆ ಕೂತ್ಳು. "ಹೋಗ್ಲಿ ಬಿಡು," ಅಂದ್ಳು. ಮಡಿಲಲ್ಲಿ ಕೈಗೆ ಕೈ ಹಿಡ್ಕೊಂಡು ಎತ್ಲಾಗೋ ನೋಡಿದ್ಳು. ತಾತ ಪಕ್ಕದಲ್ಲಿ ನಿಂತು ಒಂದು ಸಲ ಅವಳ ಹೆಗಲು ಮುಟ್ಟಿ, ಜನ ಇದಾರೆ ಅಂತ ತಕ್ಷಣ ಕೈ ತಗೊಂಡ.

ಇದನ್ನ ನೋಡಿ ಮೇಘನ ಅತ್ತೇಬಿಟ್ಲು. ಬ್ಯಾಗಿಗೆ ಕೈ ಹಾಕಿದ್ಲು, ಸಿಕ್ಕಿದ ಬಟ್ಟೆ ತಗೊಂಡು ಮುಖ ಉಜ್ಜಿಕೊಂಡ್ಲು. ಲಾಟೀನು ಮಸಿ, ಬಾಂಡ್ಲಿ ತುಕ್ಕು, ಕಣ್ಣೀರು ಎಲ್ಲ ಸೇರಿ ಮುಖ ಇದ್ದಿಲು ಮೂಟೆ ಥರ ಆಯ್ತು!

ಅಜ್ಜಿ ತಲೆಯೆತ್ತಿದ್ಳು. ಕಣ್ಣು ಕಿರಿದು ಮಾಡಿ ನೋಡಿದ್ಳು. ಕುರ್ಚಿಯಿಂದ ಎದ್ದೇ ಬಿಟ್ಳು!

"ಲೇ ಬಿಕನಾಸಿ! ಅದ್ರಲ್ಲೇ ಮೂತಿ ಒರೆಸ್ಕೊಂತಾ ಇದೀಯಲ್ಲೇ! ಅದೇ ಕಣೇ ಬ್ಲಾಕೋಟು!"

"ಇದಾ? ಇದು ಕೊಡೆ ಬಟ್ಟೆ ಅಜ್ಜಿ! ಕೋಟೆಲ್ಲಿದೆ ಇದ್ರಲ್ಲಿ? ತೋಳೆಲ್ಲಿ? ಗುಂಡಿ ಎಲ್ಲಿ?"

"ಬ್ಲಾಕೋಟಿಗೆ ಯಾವೂರ್ ಗುಂಡಿ! ರಾತ್ರಿ ದೀಪದ ಬೆಳಕು ಈಚೆಗೆ ಕಾಣ್ಬಾರ್ದು ಅಂತ ಕಿಟಕಿಗೆ ಹಾಕಾದು!"

ಅಶ್ವತ್ಥಪ್ಪ ಸರ್ ಹಣೆ ಮೇಲೆ ಕೈಯಿಟ್ಕೊಂಡ್ರು. "ಬ್ಲ್ಯಾಕ್ ಔಟ್! ಬ್ಲ್ಯಾಕ್ ಔಟ್ ಅಂತಿದಾರಮ್ಮಾ ಅಜ್ಜಿ! ಅದು ಇಂಗ್ಲಿಷ್ ಪದ. ನೀನು ಇಂಗ್ಲಿಷ್ ಮೀಡಿಯಂ ಅಲ್ವೇನಮ್ಮಾ?"

ಕದಿರೇಶ ತನ್ನ ಬಕೆಟ್ಟಲ್ಲೇ ತಲೆ ಹಾಕ್ಕೊಂಡು ನಕ್ಕ. ಒಳಗಿಂದ ಡಬಲ್ ಸೌಂಡು ಬಂತು.

ಅಜ್ಜಿ ಬಟ್ಟೆ ಈಸ್ಕೊಂಡು, ಮಸಿ ಕೊಡವಿ, ಮಡಿಲಲ್ಲಿ ಹರವಿಕೊಂಡ್ಳು. ಸರ್ ಕುರ್ಚಿ ಎಳ್ಕೊಂಡು ಎದುರಿಗೆ ಕೂತ್ರು. "ಯಲ್ದೂರಿಗ್ಯಾಕಮ್ಮಾ ಬ್ಲ್ಯಾಕ್ ಔಟು? ಮಾವಿನ ತೋಪಿನ ಮೇಲೆ ಬಾಂಬ್ ಹಾಕೋರು ಯಾರು?"

"ನಮ್ಮೂರ ಪಟೇಲ್ರು ಬಿಡ್ಬೇಕಲ್ಲ ಸಾ! ಚಿನ್ನದ ಗಣಿ ಹುಡುಕ್ಕೊಂಡ್ ಬರೋ ಇಮಾನ ದಾರಿ ತಪ್ಪಿ ನಮ್ಮೂರಿಗೆ ಬಂದ್ರೆ ಅಂತ ಮನೆಮನೆಗೂ ಹಾಕ್ಸುದ್ರು. ನಮ್ದು ಮಣ್ಣಿನ ಗೋಡೆ, ಮೊಳೆ ನಿಲ್ತಿರ್ಲಿಲ್ಲ. ಯಾರಾನಾ ಇಬ್ರು ಹಿಡ್ಕೊಂಡು ನಿಂತ್ಕಬೇಕು. ಮನೇಲಿ ಹೊಸಬ್ರು ಅಂದ್ರೆ ನಾವಿಬ್ರೇ. ಮದ್ವೆಯಾಗಿ ಇನ್ನೂ ತಿಂಗ್ಳಾಗಿರ್ಲಿಲ್ಲ. ಎಲ್ರೂ ಒಳಗೆ ಕೂತ್ಕೊಂಡು ಮುದ್ದೆ, ಅವರೆಕಾಳು ಸಾರು ಉಣ್ಣೋರು. ಈಚೆ ಜಗಲಿ ಮೇಲೆ, ಈಯಪ್ಪ ಆ ತುದಿ, ನಾನು ಈ ತುದಿ."

"ಏನ್ ಮಾತಾಡ್ತಿದ್ರಿ ಅಜ್ಜಿ?" ಹುಡುಗೀರೆಲ್ಲ ಸುತ್ತ ಮುತ್ಕೊಂಡಿದ್ರು.

"ಈಯಪ್ಪ ಮಾತಾಡಿದ್ರೆ ತಾನೇ! ಮದ್ವೆ ಆದಾಗ್ನಿಂದ ಒಂದ್ ಮಾತಿಲ್ಲ. ಒಂದಿನ ಕತ್ಲಲ್ಲಿ ಮೆತ್ತಗೆ 'ನೊಪ್ಪಾ?' ಅಂದ್ರು. ನಾನು ಮಾಸ್ತಿ ಕಡೆಯೋಳು, ನಂಗೆಲ್ ಬರ್ಬೇಕು ತೆಲುಗು? ಉಪ್ಪಾ ಅಂತ ಕೇಳಿಸ್ತು. ಮೊದಲ್ನೇ ಸಲ ಗಂಡ ಬಾಯ್ಬಿಟ್ಟು ಕೇಳವ್ರೆ, ಇಲ್ಲ ಅನ್ನಕ್ಕಾಯ್ತದಾ? ನನ್ ತುದಿ ಬಿಟ್ಬಿಟ್ಟು ಒಳಗೋಗಿ ಒಂದ್ ಹಿಡಿ ಉಪ್ಪು ತಂದ್ಕೊಟ್ಟೆ!"

"ಬೆಳಕೆಲ್ಲಾ ಬೀದಿಗೆ ಬಂತು," ಅಂದ ತಾತ. ಅವನ ಮುಖ ಆಗ್ಲೇ ಟೊಮ್ಯಾಟೋ ಆಗಿತ್ತು. "ಪಟೇಲಪ್ಪ ಜಗಲಿಗೆ ಬಂದು, ಊರೆಲ್ಲ ಸುಡಿಸ್ತೀಯೇನ್ಲಾ ಆವಲಾ ಅಂತ ಉಗುದ್ರು. ನಾನು ಕೇಳಿದ್ದು ಕೈ ನೋಯ್ತದಾ ಅಂತ. ಅಷ್ಟೇ."

"ಉಪ್ಪು ಏನ್ ಮಾಡಿದ್ರಿ ತಾತಾ?" ಕೇಳಿದ್ಲು ಮೇಘನ.

"ತಿಂದೆ."

"ಒಂದ್ ಹಿಡೀನೂ?"

"ಅವ್ಳು ತಂದ್ಕೊಟ್ಟಿದ್ಲಲ್ಲಮ್ಮ."

ಮೇಘನಗೆ ಒಂದು ಸಮಾಧಾನ ಆಯ್ತು: ತಪ್ಪು ಕೇಳಿಸ್ಕೊಳ್ಳೋದು ತನ್ನೊಬ್ಬಳ ಕಾಯಿಲೆಯಲ್ಲ, ವಂಶದಲ್ಲೇ ಇದೆ!

"ಯುದ್ಧ ಎರಡು ವಾರಕ್ಕೆ ಮುಗೀತಲ್ಲಮ್ಮಾ," ಅಂದ್ರು ಸರ್, ಕನ್ನಡಕ ಒರೆಸ್ಕೊಳ್ತಾ.

"ನಿಮಗ್ ಮುಗೀತು ಸಾ. ನಮ್ಮನೇಲಿ ಸಂಕ್ರಾಂತಿವರ್ಗೂ ನಡೀತು! ದಿನಾ ಕತ್ಲಾಗ್ತಿದ್ದಂಗೆ ಈಯಪ್ಪ ಬಟ್ಟೆ ತಗಂಡ್ ರೆಡಿ! 'ಮುಗೀತು ಅಂತ ಯಾರ್ ಹೇಳಿದ್ದು, ರೇಡಿಯೋದಲ್ಲಿ ಹೇಳ್ಲಿ,' ಅನ್ನೋರು. ನಮ್ ಮಾವನೋರಿಗೆ ಗೊತ್ತಾಗ್ಬಿಟ್ಟಿತ್ತು. ಪುಣ್ಯಾತ್ಮ, ಸಂಜೆ ವಾರ್ತೆ ಬರೋ ಹೊತ್ಗೆ ಸರ್ಯಾಗಿ ರೇಡಿಯೋ ಆರ್ಸ್ಬಿಡೋರು."

ಅಶ್ವತ್ಥಪ್ಪ ಸರ್ ಎದ್ದು ನಿಂತ್ರು. "ಮೇಘನಾ, ಇದನ್ನ ಆ ಕಿಟಕಿಗೆ ಹಾಕು. ಎಲ್ಲರೂ ನೋಡ್ಲಿ."

ಮೇಘನ ಬಟ್ಟೆ ಎತ್ಕೊಂಡು ಕಿಟಕಿ ಹತ್ರ ಓಡಿದ್ಲು. ಸಿಗಿಸೋಕೆ ಏನೂ ಇಲ್ಲ. ಮೊಳೆ ಹೊಡೆಯೋ ಹಾಗಿಲ್ಲ. ಟೇಪು ಅಂಟಿಸಿದ್ರೆ ಆ ಬಟ್ಟೆ ತೂಕಕ್ಕೆ ಕಿತ್ಕೊಂಡು ಬರ್ತಿತ್ತು. ಹಿಂದಿಂದ ಒಂದು ಕೈ ಬಂದು ಬಟ್ಟೆಯ ಒಂದು ತುದಿ ಹಿಡೀತು. ತಾತ. ಇನ್ನೊಂದು ತುದೀನ ಅಜ್ಜಿ ಅವಳ ಕೈಯಿಂದ ಮೆಲ್ಲಗೆ ಬಿಡಿಸ್ಕೊಂಡ್ಳು.

ಇಬ್ರೂ ಹಿಡಿದು ನಿಂತ್ರು. ಹಾಲಿನ ಆ ಮೂಲೆ ಕತ್ತಲಾಯ್ತು. ಹೊಲಿಗೆ ಸಂದಿಯಿಂದ ಮಾತ್ರ ಬಿಸಿಲು ಸಣ್ಣ ಸಣ್ಣ ಚುಕ್ಕಿಯಾಗಿ ಇಬ್ರ ಮೇಲೂ ಬಿತ್ತು. ಜನ ಬಂದ್ರು, ನೋಡಿದ್ರು, ಫೋಟೋ ಹೊಡ್ಕೊಂಡ್ರು. ಬಕೆಟ್ ಹತ್ರ ನರಪಿಳ್ಳೆ ಇಲ್ಲ. ಕದಿರೇಶಾನೇ ಇಲ್ಲಿ ಬಂದು ನಿಂತಿದ್ದ. "ಅಜ್ಜೀ, ನೀವ್ ಕೂತ್ಕೊಳ್ಳಿ, ನಾನ್ ಹಿಡ್ಕೊಂತೀನಿ," ಅಂದ. ತಾತ ಅವನನ್ನ ನೋಡಿದ ನೋಟಕ್ಕೆ ವಾಪಸ್ ಬಕೆಟ್ ಹತ್ರ ಹೋದ.

ಸಂಜೆ ಗಂಟೆ ಹೊಡೀತು. ಮೇಜುಗಳೆಲ್ಲ ಖಾಲಿಯಾದ್ವು. ಅಮ್ಮ ಬಸ್ಸಿಗೆ ಹೊತ್ತಾಯ್ತು ಅಂತ ಬ್ಯಾಗು ಹೆಗಲಿಗೆ ಹಾಕ್ಕೊಂಡ್ಳು. ಮಸಿ ಮುಖದ ಮೇಘನ ಕಿಟಕಿ ಹತ್ರ ಬಂದು, ಈ ಸಲ ಮೆತ್ತಗೆ, ತೆಲುಗಲ್ಲೇ ಕೇಳಿದ್ಲು: "ತಾತಾ, ನೊಪ್ಪಾ?"

"ಇಲ್ಲಮ್ಮ."

"ಹಾಗಾದ್ರೆ ಇಳಿಸಿ ತಾತಾ, ಸಾಕು. ಮುಗೀತು."

ತಾತ ಕೈ ಇಳಿಸಲಿಲ್ಲ. ಆ ತುದೀಲಿ ಅಜ್ಜೀನೂ ಇಳಿಸಲಿಲ್ಲ.

"ಮುಗೀತು ಅಂತ ನೀನಂದ್ರೆ ಆಯ್ತಾ? ರೇಡಿಯೋದಲ್ಲಿ ಹೇಳ್ಲಿ," ಅಂದ ತಾತ.

ಮೇಘನ ತಿರುಗಿ ತನ್ನ ಮೇಜು ನೋಡಿದ್ಲು. ಕೋಳಿ ಬಾಂಡ್ಲಿ ಪಕ್ಕದಲ್ಲಿ, ಮಾತು ಬಿಟ್ಟು ನಲವತ್ತು ವರ್ಷ ಆಗಿದ್ದ ಅದೇ ರೇಡಿಯೋ ತೆಪ್ಪಗೆ ಕೂತಿತ್ತು!